ಹಳೆಯ ಟ್ರ್ಯಾಕ್ಟರಿಗೆ ಹಳೆಯ ಲಾರಿಯೇ ಬೇಕೆ?

ಮಳೆ ಹಿಂದೆ ಸರಿದು ಅಡಿಕೆ ಕೊಯ್ಲಿನ ಮಾತು ಆರಂಭವಾಗುವ ಹೊತ್ತಿಗೆ ಕೃಷಿಮೇಳಗಳ ಸುದ್ದಿಯೂ ಬರತೊಡಗುತ್ತದೆ. ಧಾರವಾಡದ ಮೇಳ, ಶಿವಮೊಗ್ಗದ ಮೇಳ, ಬೆಂಗಳೂರಿನ ಜಿ.ಕೆ.ವಿ.ಕೆ. ಮೇಳ, ಜೊತೆಗೆ ಅಲ್ಲಲ್ಲಿ ನಡೆಯುವ ಸಣ್ಣಪುಟ್ಟ ವಸ್ತುಪ್ರದರ್ಶನಗಳು. ಈ ಸಲ ನಮ್ಮ ಸದಸ್ಯರಲ್ಲಿ ಕೆಲವರು ಒಂದು ಹೊಸ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದ್ದಾರೆ. ಅವರ ಕೊಟ್ಟಿಗೆಗಳಲ್ಲಿ ತಂದೆಯ ಕಾಲದ ಟ್ರ್ಯಾಕ್ಟರ್‌ಗಳಿವೆ. ತೊಳೆದು, ಎಣ್ಣೆ ಹಾಕಿ, ಇಂಜಿನ್ ಹಚ್ಚಿದರೆ ಈಗಲೂ ಓಡುತ್ತವೆ. ಇಂಥ ಕಡೆ ಒಯ್ದು ನಿಲ್ಲಿಸಿದರೆ ಜನ ಬಂದು ನೋಡುತ್ತಾರೆ, ಮಕ್ಕಳು ಹತ್ತಿ ಕೂರುತ್ತಾರೆ. ಅದನ್ನು ಒಯ್ಯುವುದಕ್ಕೆ ಅದೇ ಕಾಲದ ಹಳೆಯ ಲಾರಿಯೊಂದನ್ನು ಕೊಂಡರೆ ಜೋಡಿ ಚೆನ್ನಾಗಿರುತ್ತದಲ್ಲವೆ ಎಂಬುದು ಅವರ ಆಸೆ. ಎಂಥ ಲಾರಿ ಆರಿಸಬೇಕೆಂದು ನಮ್ಮನ್ನು ಕೇಳಿದ್ದಾರೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಟ್ರ್ಯಾಕ್ಟರನ್ನು ಉಳಿಸಿಕೊಳ್ಳಿ, ಮೇಳಕ್ಕೂ ಒಯ್ಯಿರಿ. ಆದರೆ ಲಾರಿಯನ್ನು ಮಾತ್ರ ಅಂದ ನೋಡಿ ಆರಿಸಬೇಡಿ. ಟ್ರ್ಯಾಕ್ಟರ್ ಇರುವುದು ನೋಡುವುದಕ್ಕೆ, ಲಾರಿ ಇರುವುದು ನಮ್ಮ ಘಟ್ಟದ ರಸ್ತೆಗೆ. ಎರಡಕ್ಕೂ ಒಂದೇ ಕಣ್ಣು ಸಾಲದು.

ಉಳಿಸುವುದು ಏಕೆ?

ಹಳೆಯ ಟ್ರ್ಯಾಕ್ಟರಿಗೆ ಗುಜರಿಯವನು ಕಬ್ಬಿಣದ ತೂಕ ನೋಡಿ ಬೆಲೆ ಹೇಳುತ್ತಾನೆ. ಅಷ್ಟಕ್ಕೇ ಕೊಟ್ಟುಬಿಟ್ಟ ಸದಸ್ಯರೂ ನಮ್ಮಲ್ಲಿದ್ದಾರೆ. ಕೊಡುವ ಮುಂಚೆ ಆ ಯಂತ್ರದ ಕುಲಗೋತ್ರವನ್ನೊಮ್ಮೆ ನೆನೆಯುವುದು ಒಳ್ಳೆಯದು. ಬೂದು ಬಣ್ಣದ ಫರ್ಗ್ಯೂಸನ್ ಟಿ.ಇ.20 ಟ್ರ್ಯಾಕ್ಟರ್ ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾಯಿತು. ಆ ಹತ್ತು ವರ್ಷಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರ್‌ಗಳು ಅಲ್ಲಿಂದ ಹೊರಬಂದವು. ನೇಗಿಲನ್ನು ಹಿಂದೆ ಸುಮ್ಮನೆ ಎಳೆಯುವ ಬದಲು ಮೂರು ಕೊಂಡಿಗಳಲ್ಲಿ ಕಟ್ಟಿ, ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಹ್ಯಾರಿ ಫರ್ಗ್ಯೂಸನ್ನರ ಉಪಾಯವೇ ಇಂದಿನ ಪ್ರತಿಯೊಂದು ಟ್ರ್ಯಾಕ್ಟರಿನ ಹಿಂಭಾಗದಲ್ಲೂ ಇದೆ. ನಮ್ಮ ದೇಶದಲ್ಲಿ 1959ರಲ್ಲಿ ಫರೀದಾಬಾದಿನಿಂದ ಐಷರ್ ಬಂತು. 1960ರಲ್ಲಿ ಮದರಾಸಿನಲ್ಲಿ ಟಾಫೆ ಕಂಪೆನಿ ಹುಟ್ಟಿ ಮ್ಯಾಸಿ ಫರ್ಗ್ಯೂಸನ್ ಕೊಟ್ಟಿತು. 1971ರಲ್ಲಿ ಪಿಂಜೋರಿನ ಎಚ್.ಎಂ.ಟಿ. ಕಾರ್ಖಾನೆಯು ಝೀಟರ್ ಮಾದರಿಯನ್ನು ಹೊರತಂದಿತು. ನಮ್ಮ ಸೀಮೆಯಲ್ಲಿ ಇವನ್ನು ಮೊದಲು ದೊಡ್ಡ ತೋಟದವರು ತಂದರು. ಕೈಯಿಂದ ಕೈಗೆ ಬಂದು ಸಣ್ಣ ಹಿಡುವಳಿದಾರರ ಗದ್ದೆಗೂ ಇಳಿದವು. ಗೊಬ್ಬರ ಹೊತ್ತವು, ಅಡಿಕೆ ಕೊನೆ ಹೊತ್ತವು, ದಿಬ್ಬಣವನ್ನೂ ಹೊತ್ತವು. ಇವು ನಮ್ಮ ಮನೆಯ ಚರಿತ್ರೆಯೇ.

ಹಳೆಯ ಯಂತ್ರಗಳನ್ನು ಸೇರಿಸಿ ಜಾತ್ರೆ ಮಾಡುವ ಪದ್ಧತಿ ಅಮೆರಿಕದ ರೈತರಲ್ಲಿ ಬಹಳ ಹಿಂದಿನಿಂದ ಇದೆ. ಅಯೋವಾ ರಾಜ್ಯದ ಮೌಂಟ್ ಪ್ಲೆಸೆಂಟ್ ಎಂಬ ಊರಿನಲ್ಲಿ 1950ರಲ್ಲಿ ಆರಂಭವಾದ ಹಳೆಯ ಒಕ್ಕಣೆಗಾರರ ಕೂಟವು ಅಂಥದ್ದು. ಅಲ್ಲಿನ ರೈತರಲ್ಲಿ ಕೆಲವರು ತಮ್ಮ ಹಳೆಯ ಟ್ರ್ಯಾಕ್ಟರನ್ನು ಅಷ್ಟೇ ಹಳೆಯ ಲಾರಿಯ ಮೇಲೆ ಹೇರಿಕೊಂಡು ಬರುತ್ತಾರೆ. ನಮ್ಮ ಯುವಕರು ಈ ಚಿತ್ರಗಳನ್ನು ನೋಡಿದ್ದಾರೆ, ಆಸೆಪಟ್ಟಿದ್ದಾರೆ. ಆಸೆ ತಪ್ಪಲ್ಲ. ಆದರೆ ಅಯೋವಾ ಬಹುಮಟ್ಟಿಗೆ ಜೋಳ ಬೆಳೆಯುವ ಬಯಲು ಸೀಮೆ. ನಮ್ಮಲ್ಲಿ ಮನೆಯ ಗೇಟು ದಾಟಿದರೆ ಇಳಿಜಾರು, ಇಳಿಜಾರು ಮುಗಿದರೆ ತಿರುವು.

ನಮ್ಮದೇ ಒಂದು ತಪ್ಪು

ಬುದ್ಧಿ ಹೇಳುವವರು ತಾವು ಕಲಿತದ್ದು ಹೇಗೆಂದೂ ಹೇಳಬೇಕು. 2009ರಲ್ಲಿ ನಾವು ಮೂವರು ಸೇರಿ ಅರವತ್ತರ ದಶಕದ, ಮುಂದೆ ಉದ್ದ ಬಾನೆಟ್ಟಿದ್ದ ಲಾರಿಯೊಂದನ್ನು ಅಗ್ಗಕ್ಕೆ ಕೊಂಡೆವು. ಅದಕ್ಕೆ ಹಸಿರು ಬಣ್ಣ ಹೊಡೆಸಿದೆವು, ಮರದ ಬಾಡಿಗೆ ವಾರ್ನಿಷ್ ಬಳಿಸಿದೆವು, ಹಿತ್ತಾಳೆಯ ಹಾರ್ನನ್ನು ಹುಣಸೆಹಣ್ಣಿನಿಂದ ತಿಕ್ಕಿಸಿದೆವು. ಬ್ರೇಕ್ ಹೇಗಿದೆ ಎಂದು ಕೇಳಿದಾಗ ಗ್ಯಾರೇಜಿನವನು ಹಿಡಿಯುತ್ತದೆ ಎಂದ. ನಾವು ಅಲ್ಲಿಗೇ ಬಿಟ್ಟೆವು. ಮ್ಯಾಸಿ ಫರ್ಗ್ಯೂಸನ್ 35 ಟ್ರ್ಯಾಕ್ಟರನ್ನು ಅದರ ಮೇಲೆ ಹೇರಿ, ಕರಾವಳಿಯ ಪ್ರದರ್ಶನವೊಂದಕ್ಕೆಂದು ಚಾರ್ಮಾಡಿ ಘಟ್ಟ ಇಳಿಯತೊಡಗಿದೆವು. ನಮ್ಮ ತೋಟದ ಕೊನೆಗಾರ ಮೇಳ ನೋಡುವ ಹುರುಪಿನಿಂದ ತಾನೂ ಬರುತ್ತೇನೆಂದ. ಟ್ರ್ಯಾಕ್ಟರ್ ಅಲುಗಿದರೆ ನೋಡಿಕೊಳ್ಳಲಿ ಎಂದು ಅವನನ್ನು ಹಿಂದೆ ಕೂರಿಸಿದೆವು.

ನಾಲ್ಕೈದು ತಿರುವು ಇಳಿದಿರಬಹುದು. ಸುಟ್ಟ ವಾಸನೆ ಬಂತು. ಚಾಲಕ ನಮ್ಮ ಕಡೆ ತಿರುಗದೆಯೇ, "ಅಯ್ಯಾ, ಪೆಡ್ಲು ನಿಲ್ತಾ ಇಲ್ಲ" ಎಂದ. ಅವನು ಅನುಭವಸ್ಥ. ಗೇರು ಇಳಿಸಿ, ಲಾರಿಯನ್ನು ಎಡಗಡೆಯ ದರೆಗೆ ಉಜ್ಜಿ ನಿಲ್ಲಿಸಿದ. ಬಲಗಡೆ ಪ್ರಪಾತವಿತ್ತು. ನಿಂತ ರಭಸಕ್ಕೆ ಹಗ್ಗ ಹರಿದು ಟ್ರ್ಯಾಕ್ಟರ್ ಮುಂದಕ್ಕೆ ಜಾರಿತು. ಕೊನೆಗಾರನ ಬಲಗೈ ಹಲಗೆಗೂ ಮಡ್‌ಗಾರ್ಡಿಗೂ ನಡುವೆ ಸಿಕ್ಕಿ ಮುರಿಯಿತು. ಆ ವರ್ಷದ ಕೊಯ್ಲಿಗೆ ಅವನು ಮರ ಹತ್ತಲಿಲ್ಲ. ಸರಕಿನ ಲಾರಿಯ ಹಿಂದೆ ಕೂತವನಿಗೆ ನಮ್ಮ ವಿಮೆಯಿಂದ ಒಂದು ಕಾಸೂ ಬರಲಿಲ್ಲ. ಆಸ್ಪತ್ರೆಯ ಖರ್ಚನ್ನೂ ಅವನ ಆ ಸುಗ್ಗಿಯ ಕೂಲಿಯನ್ನೂ ನಾವು ಹಂಚಿಕೊಂಡು ಕೊಟ್ಟೆವು. ಅದು ಉಪಕಾರವಾಗಿರಲಿಲ್ಲ, ಸಾಲವಾಗಿತ್ತು.

ತಪ್ಪು ಗ್ಯಾರೇಜಿನವನದೂ ಅಲ್ಲ, ಚಾಲಕನದೂ ಅಲ್ಲ. ಬಣ್ಣಕ್ಕೆ ಖರ್ಚು ಮಾಡಿದ ನಾವು ಬ್ರೇಕಿಗೆ ಖರ್ಚು ಮಾಡಿರಲಿಲ್ಲ. ಮುಂದಿನ ಮಾತುಗಳನ್ನು ಓದುವಾಗ ಸದಸ್ಯರು ಇದನ್ನು ನೆನಪಿನಲ್ಲಿಡಬೇಕು.

ಮೊದಲು ತೂಕ, ಆಮೇಲೆ ಎತ್ತರ

ಲಾರಿ ಹುಡುಕುವ ಮೊದಲು ಟ್ರ್ಯಾಕ್ಟರಿನ ತೂಕ ತಿಳಿಯಿರಿ. ಟಿ.ಇ.20 ಸುಮಾರು 1,100ರಿಂದ 1,200 ಕಿಲೋ ತೂಗುತ್ತದೆ. ಮ್ಯಾಸಿ 35 ಸುಮಾರು 1,400 ಕಿಲೋ. ಹಿಂದಿನ ಟಯರಿಗೆ ನೀರು ತುಂಬಿಸಿದ್ದರೆ, ಚಕ್ರಕ್ಕೆ ಕಬ್ಬಿಣದ ಭಾರ ಬಿಗಿದಿದ್ದರೆ ಇನ್ನೂ ಕೆಲವು ನೂರು ಕಿಲೋ ಏರುತ್ತದೆ. ಒಯ್ಯುವ ಮುಂಚೆ ನೀರು ಬಿಟ್ಟು, ಭಾರ ಬಿಚ್ಚಿಡಬಹುದು. ಏರಿಸುವ ಹಲಗೆ, ಸರಪಳಿ, ಡೀಸೆಲ್ ಡಬ್ಬ ಎಲ್ಲ ಸೇರಿಸಿದರೆ ಸಣ್ಣ ಟ್ರ್ಯಾಕ್ಟರಿನ ಲೆಕ್ಕ ಎರಡು ಟನ್ನಿನ ಒಳಗೇ ನಿಲ್ಲುತ್ತದೆ. ದೊಡ್ಡ ಟ್ರ್ಯಾಕ್ಟರ್ ಇರುವವರು ಹತ್ತಿರದ ವೇಬ್ರಿಜ್ಜಿನಲ್ಲಿ ಒಮ್ಮೆ ತೂಗಿಸಲಿ.

ಲಾರಿ ಎಷ್ಟು ಹೊರಬಹುದೆಂಬುದನ್ನು ಮಾರುವವನ ಬಾಯಲ್ಲಿ ಕೇಳಬೇಡಿ, ಆರ್.ಸಿ.ಯಲ್ಲಿ ಓದಿ. ಅಲ್ಲಿ ಎರಡು ಅಂಕಿಗಳಿರುತ್ತವೆ: ಖಾಲಿ ತೂಕ ಮತ್ತು ಹೊರೆ ಸಹಿತ ಒಟ್ಟು ತೂಕ. ಒಟ್ಟು 5,300, ಖಾಲಿ 2,900 ಎಂದಿದ್ದರೆ ಉಳಿಯುವ 2,400 ಕಿಲೋ ನಿಮ್ಮ ಪಾಲು. ಅದರಲ್ಲಿ ಎರಡು ಟನ್ನು ಹೇರಿದರೆ ಲಾರಿಗೆ ಉಸಿರಾಡಲು ಸ್ವಲ್ಪ ಜಾಗ ಉಳಿಯುತ್ತದೆ. ಒಂದು ಸಣ್ಣ ಟ್ರ್ಯಾಕ್ಟರಿಗಾಗಿ ಎಂಟು ಹತ್ತು ಟನ್ನಿನ ಲಾರಿ ಕೊಳ್ಳುವುದು ಇಲಿ ಹಿಡಿಯಲು ಆನೆ ಕಟ್ಟಿದ ಹಾಗೆ.

ದೊಡ್ಡ ಲಾರಿಯ ಇನ್ನೊಂದು ತೊಂದರೆ ಅದರ ಎತ್ತರ. ಹಲಗೆ ನೆಲದಿಂದ ನಾಲ್ಕು ಅಡಿ ಮೇಲಿದ್ದರೆ, ಹನ್ನೆರಡು ಅಡಿ ಉದ್ದದ ಏರುಹಲಗೆ ಇಟ್ಟರೂ ಮೂರಕ್ಕೆ ಒಂದರ ಕಡಿದಾದ ಏರು. ಮೂರು ಅಡಿಯ ಲಾರಿಯಾದರೆ ಅದೇ ಹಲಗೆಯಲ್ಲಿ ನಾಲ್ಕಕ್ಕೆ ಒಂದು. ಟ್ರ್ಯಾಕ್ಟರಿನ ಭಾರವೆಲ್ಲ ಹಿಂದಿನ ಚಕ್ರದ ಮೇಲಿರುವುದರಿಂದ, ಮುಂದುಮುಖವಾಗಿ ಕಡಿದಾದ ಏರು ಹತ್ತಿಸಿದರೆ ಮುಂದಿನ ಚಕ್ರ ಎದ್ದು ಹಿಂದಕ್ಕೆ ಮಗುಚುವ ಭಯವಿದೆ. ರಿವರ್ಸಿನಲ್ಲಿ ಹತ್ತಿಸಬೇಕು, ಇಲ್ಲವೆ ಚೈನ್ ಪುಲ್ಲಿಯಿಂದ ಎಳೆಯಬೇಕು. ನಮ್ಮ ಮಲೆನಾಡಿನಲ್ಲಿ ಇದಕ್ಕಿಂತ ಒಳ್ಳೆಯ ದಾರಿ ದೇವರೇ ಕೊಟ್ಟಿದ್ದಾನೆ. ಲಾರಿಯನ್ನು ಹಿಂದುಮುಖವಾಗಿ ಒಂದು ಗಟ್ಟಿ ದರೆಗೆ ಒರಗಿಸಿದರೆ ಟ್ರ್ಯಾಕ್ಟರ್ ಸಮತಟ್ಟಾಗಿ ಒಳಗೆ ಹೋಗುತ್ತದೆ. ಆದರೆ ಮೇಳದ ಮೈದಾನದಲ್ಲಿ ದರೆ ಇರುವುದಿಲ್ಲ. ಇಳಿಸುವುದು ಹೇಗೆಂದು ಹೊರಡುವ ಮುಂಚೆಯೇ ಯೋಚಿಸಿರಬೇಕು.

ಕಟ್ಟುವುದು ಸರಪಳಿಯಿಂದ, ನಾಲ್ಕು ಮೂಲೆಗೂ, ಆಕ್ಸಲ್ ಹಿಡಿದು. ಮಡ್‌ಗಾರ್ಡಿಗಾಗಲಿ ಸ್ಟೇರಿಂಗ್ ರಾಡಿಗಾಗಲಿ ಕಟ್ಟಬಾರದು. ಗೇರಿನಲ್ಲಿಟ್ಟು, ಚಕ್ರಗಳ ಹಿಂದೆ ಮುಂದೆ ಮರದ ಬೆಣೆ ಇಟ್ಟು ಹಲಗೆಗೆ ಮೊಳೆ ಹೊಡೆಯಬೇಕು. ಹಿಂದೆ ಯಾರೂ ಕೂರಬಾರದು. ಈ ಕೊನೆಯ ಮಾತಿಗೆ ವಿನಾಯಿತಿಯಿಲ್ಲ.

ಓಡಿಸುವುದಕ್ಕಿಂತ ನಿಲ್ಲಿಸುವುದು ದೊಡ್ಡದು

ಹಳೆಯ ಲಾರಿ ನೋಡಲು ಹೋದವರು ಮೊದಲು ಇಂಜಿನ್ ಹಚ್ಚಿ ಕಿವಿಗೊಡುತ್ತಾರೆ. ನಾವು ಹೇಳುವುದು, ಇಂಜಿನ್ ಕೊನೆಗಿರಲಿ. ಇಂಜಿನ್ ಕೆಟ್ಟರೆ ಲಾರಿ ನಿಲ್ಲುತ್ತದೆ. ಬ್ರೇಕ್ ಕೆಟ್ಟರೆ ನಿಲ್ಲುವುದಿಲ್ಲ. ಅನೇಕ ಹಳೆಯ ಲಾರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಬ್ರೇಕ್ ಆಯಿಲ್ ಹೋಗುವುದು ಒಂದೇ ಸಾಲಿನಲ್ಲಿ. ಎಲ್ಲೋ ಒಂದು ಪೈಪು ಒಡೆದರೆ ಪೂರ್ತಿ ಬ್ರೇಕೇ ಹೋಯಿತು. ನಿರ್ವಾತದ ಸಹಾಯದಿಂದ ಕೆಲಸ ಮಾಡುವ ಬ್ರೇಕಾದರೆ, ಇಳಿಜಾರಿನಲ್ಲಿ ಇಂಜಿನ್ ನಿಂತೊಡನೆ ಆ ಸಹಾಯವೂ ನಿಲ್ಲುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ವಸ್ತು. ನಮ್ಮ ಮಳೆಗಾಲದ ಹವೆಯಲ್ಲಿ ವರ್ಷಗಟ್ಟಲೆ ಬಿಟ್ಟ ಎಣ್ಣೆ, ಡ್ರಮ್ಮು ಕಾದಾಗ ಕುದಿದು ಆವಿಯಾಗುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆಯೇ ಹೊರತು ಬ್ರೇಕಿಗೆ ಬಲ ಕೊಡುವುದಿಲ್ಲ. 2009ರಲ್ಲಿ ನಮ್ಮ ಪೆಡ್ಲು ಕೆಳಗೆ ಹೋದದ್ದು ಹೀಗೆ. ಆದ್ದರಿಂದ ಕೊಂಡ ದಿನವೇ ಹೋಸು, ರಬ್ಬರು, ಲೈನಿಂಗು, ಎಣ್ಣೆ ಎಲ್ಲ ಹೊಸದಾಗಬೇಕು. ಇಳಿಯುವಾಗ, ಆ ಘಟ್ಟವನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದರಲ್ಲೇ ಅಥವಾ ಅದಕ್ಕಿಂತ ಕೆಳಗಿನ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ಮಾತು ಇಂದಿಗೂ ಸತ್ಯ.

ಆಮೇಲೆ ಚಾಸಿಸ್. ಕರಾವಳಿಯಲ್ಲಿ ಮೀನು, ಉಪ್ಪು ಹೊತ್ತ ಲಾರಿಯಾದರೆ ಬಣ್ಣದ ಕೆಳಗೆ ತುಕ್ಕು ಕಾದಿರುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತಿಂದ ಕಬ್ಬಿಣ ಮಂಕಾಗಿ ಸದ್ದು ಮಾಡುತ್ತದೆ. ಬೆಸುಗೆ ಹಾಕಿದ ಜಾಗಗಳನ್ನು ಎಣಿಸಿ. ಟಯರಿನ ಗೆರೆ ಚೆನ್ನಾಗಿದ್ದ ಮಾತ್ರಕ್ಕೆ ಮೋಸ ಹೋಗಬೇಡಿ. ಬದಿಯಲ್ಲಿ ಬಿರುಕು ಬಿಟ್ಟಿದ್ದರೆ ಅದು ನಿಂತಲ್ಲೇ ಮುದಿಯಾದ ಟಯರು. ಈ ಶತಮಾನದ ಟಯರುಗಳ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ.

ಕಾಗದದ ಲೆಕ್ಕ

ಇಲ್ಲಿ ಅನೇಕರಿಗೆ ಒಂದು ತಪ್ಪು ತಿಳಿವಳಿಕೆಯಿದೆ. ವಿಂಟೇಜ್ ವಾಹನಗಳಿಗೆ ಸರ್ಕಾರ ಬೇರೆ ನೋಂದಣಿ ಕೊಡುತ್ತದೆ, ಐವತ್ತು ವರ್ಷ ದಾಟಿದ ಲಾರಿ ಅದರಲ್ಲಿ ಸೇರುತ್ತದೆ ಎಂದು ಅವರು ನಂಬಿದ್ದಾರೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ತಿದ್ದುಪಡಿ ಬಂದದ್ದು ನಿಜ. ಮೊದಲ ನೋಂದಣಿಯಿಂದ ಐವತ್ತು ವರ್ಷ ಕಳೆದಿರಬೇಕು, ಮೂಲರೂಪ ಉಳಿದಿರಬೇಕು, ಶುಲ್ಕ 20,000 ರೂಪಾಯಿ ಎಂಬುದೂ ನಿಜ. ಆದರೆ ಆ ನಿಯಮ ಹೇಳುವುದು ದ್ವಿಚಕ್ರ ವಾಹನ ಮತ್ತು ಜನ ಕೂರುವ ಕಾರಿನಂಥ ವಾಹನಗಳನ್ನು ಮಾತ್ರ. ಸರಕು ಲಾರಿ ಅದರಲ್ಲಿಲ್ಲ, ಟ್ರ್ಯಾಕ್ಟರೂ ಇಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಪ್ರದರ್ಶನಕ್ಕೆ ಹೋಗಿಬರುವ ಹಳೆಯ ವಾಹನಕ್ಕೆ ಬೇರೆ ಫಲಕ ಸಿಗುತ್ತದೆ. ನಮ್ಮ ಅರವತ್ತರ ದಶಕದ ಲಾರಿ ಮಾತ್ರ ಕಾನೂನಿನ ಕಣ್ಣಿಗೆ ಬರೀ ಲಾರಿಯೇ.

ಎಂದರೆ ಎಂಟು ವರ್ಷ ದಾಟಿದ ಎಲ್ಲ ಸರಕು ವಾಹನಗಳಂತೆ ಪ್ರತಿವರ್ಷ ಎಫ್.ಸಿ. ಆಗಬೇಕು. ಹದಿನೈದು ವರ್ಷ ಮೀರಿದ ವಾಹನಗಳ ಎಫ್.ಸಿ. ಶುಲ್ಕ 2022ರ ಏಪ್ರಿಲ್‌ನಿಂದ ಹಲವು ಪಟ್ಟು ಏರಿದೆ. ಒಟ್ಟು ತೂಕ 3,000 ಕಿಲೋ ಮೀರಿದರೆ ಪರ್ಮಿಟ್ ಬೇಕು. ವಿಮೆ, ತೆರಿಗೆ ಹೇಗೂ ಇವೆ. ಇಂಜಿನ್ ಬದಲಾಗಿದ್ದರೆ ಅದು ಆರ್.ಸಿ.ಯಲ್ಲಿ ದಾಖಲಾಗಿರಬೇಕು, ಹಿಂದೆ ಪೆಟ್ರೋಲಿನ ಎಷ್ಟೋ ಲಾರಿಗಳಿಗೆ ಪರ್ಕಿನ್ಸ್ ಪಿ-6 ಡೀಸೆಲ್ ಇಂಜಿನ್ ಕೂರಿಸಿದ್ದುಂಟು. ಇಂಜಿನ್ ನಂಬರು, ಚಾಸಿಸ್ ನಂಬರು ಕಾಗದಕ್ಕೆ ಹೊಂದದ ಲಾರಿ, ಆರ್.ಸಿ. ಕಳೆದುಹೋಗಿದೆ ಎಂದು ಹೇಳುವ ಲಾರಿ, ಎಷ್ಟೇ ಅಗ್ಗವಾದರೂ ಗುಜರಿಯೇ ಸರಿ.

ಚಾಲಕನ ಲೈಸೆನ್ಸ್ ವಿಷಯದಲ್ಲಿ ಒಂದು ಅನುಕೂಲವಿದೆ. ಲಘು ವಾಹನದ ಲೈಸೆನ್ಸ್ ಉಳ್ಳವರು ಒಟ್ಟು ತೂಕ 7,500 ಕಿಲೋ ಒಳಗಿನ ಸರಕು ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಸಣ್ಣ ಲಾರಿ ಆರಿಸುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಯಾವುದು?

ಐವತ್ತು ಅರವತ್ತರ ದಶಕದ ಲಾರಿಗಳಲ್ಲಿ 1954ರಿಂದ ಜಮ್‌ಶೆಡ್‌ಪುರದಲ್ಲಿ ತಯಾರಾದ ಟಾಟಾ ಮರ್ಸಿಡಿಸ್ ಬೆಂಜ್, ಪ್ರೀಮಿಯರ್ ಕಂಪೆನಿಯ ಡಾಡ್ಜ್ ಮತ್ತು ಫಾರ್ಗೊ, ಹಿಂದುಸ್ತಾನ್ ಮೋಟಾರ್ಸ್‌ನ ಬೆಡ್‌ಫರ್ಡ್, ಅಶೋಕ್ ಲೇಲ್ಯಾಂಡಿನ ಕಾಮೆಟ್ ಇವು ಹೆಸರಾದವು. ನೋಡಲು ಚೆಂದ, ನಿಜ. ಆದರೆ ಟಾಟಾ ಬಿಟ್ಟರೆ ಉಳಿದವುಗಳ ಬಿಡಿಭಾಗಕ್ಕೆ ಲೇತಿನವನ ಮನೆ ಬಾಗಿಲು ಕಾಯಬೇಕು. ಇಂಥ ಲಾರಿ ಮನೆಯಲ್ಲೇ ಇದ್ದವರು ಅದನ್ನೂ ಉಳಿಸಲಿ. ಹತ್ತಿರದ ಬಯಲಿನ ಮೇಳಕ್ಕೆ ಖಾಲಿಯಾಗಿ ಒಯ್ದು ಟ್ರ್ಯಾಕ್ಟರಿನ ಪಕ್ಕ ನಿಲ್ಲಿಸಲಿ. ಹೊರೆ ಹೊತ್ತು ಘಟ್ಟ ಇಳಿಯುವ ಕೆಲಸಕ್ಕೆಂದು ಹೊಸದಾಗಿ ಕೊಳ್ಳುವುದು ಬೇಡ.

ಎಂಬತ್ತರ ದಶಕದ ನಡುವಿನಲ್ಲಿ ಜಪಾನಿನ ಸಹಯೋಗದ ಸಣ್ಣ ಲಾರಿಗಳು ಬಂದವು: ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಡಿ.ಸಿ.ಎಂ. ಟೊಯೋಟ, ಆಲ್ವಿನ್ ನಿಸ್ಸಾನ್. ಅವಕ್ಕೆ ಎದುರಾಗಿ 1986ರಲ್ಲಿ ಟಾಟಾ 407 ಬಂತು. ಇವುಗಳಲ್ಲಿ ಡಿ.ಸಿ.ಎಂ. ಟೊಯೋಟ, ಆಲ್ವಿನ್ ನಿಸ್ಸಾನ್ ಹೆಸರುಗಳು ಬಹು ಹಿಂದೆಯೇ ಮಾಯವಾದವು. 407ರ ಕೆಲಸ ಬಾರದ ಮೆಕ್ಯಾನಿಕ್ ನಮ್ಮ ಹೋಬಳಿಗಳಲ್ಲಿ ಸಿಗುವುದು ಕಷ್ಟ. ಹಲಗೆ ತಗ್ಗು, ಹೊರೆ ಎರಡು ಟನ್ನಿನ ಮೇಲೆ, ತೂಕ 7,500 ಕಿಲೋ ಒಳಗೆ, ತೋಟದ ರಸ್ತೆಯ ತಿರುವಿಗೆ ಹಿಡಿಯುವ ಗಾತ್ರ. ಹಳತೇ ಬೇಕೆನ್ನುವವರು ಈ ವರ್ಗದ, ಕಾಗದ ಸರಿಯಿರುವ, ಒಬ್ಬನೇ ಮಾಲೀಕನ ಕೈಯಲ್ಲಿ ಬೆಳೆದ ಲಾರಿ ಹುಡುಕಲಿ. ಆರಂಭದ 407 ಕೂಡ ಈಗ ಹಳೆಯ ಕಾಲದ ಮುಖವೇ.

ಕೊನೆಯದಾಗಿ ದುಡ್ಡಿನ ಮಾತು. ಮೇಳದ ಪ್ರಯಾಣ ವರ್ಷದಲ್ಲಿ ನಾಲ್ಕೈದು ದಿನ; ವಿಮೆ, ತೆರಿಗೆ, ಎಫ್.ಸಿ., ಟಯರು ವರ್ಷವಿಡೀ. ಕೊಳೆರೋಗ, ಎಲೆಚುಕ್ಕೆ ಬಂದ ವರ್ಷ ಔಷಧಿ ಸಿಂಪಡಣೆಗೇ ಕೈ ಬಿಗಿಹಿಡಿಯುವ ಸಣ್ಣ ಬೆಳೆಗಾರನು ಒಬ್ಬನೇ ಈ ಹೊರೆ ಹೊರಬಾರದು. ನಾಲ್ಕೈದು ಮಂದಿ ಸೇರಿ ಕೊಳ್ಳುವುದಾದರೆ, ಉಳಿದ ದಿನಗಳಲ್ಲಿ ಗೊಬ್ಬರ, ಕಾಫಿ ಮೂಟೆ, ಅಡಿಕೆ ಸಾಗಿಸುವ ಕೆಲಸ ಅದಕ್ಕಿರಬೇಕು. ಆರ್.ಸಿ. ಯಾರ ಹೆಸರಿನಲ್ಲಿ, ರಿಪೇರಿ ಯಾರ ಖರ್ಚು, ಅಪಘಾತವಾದರೆ ಹೊಣೆ ಯಾರದು ಎಂಬುದನ್ನು ಕೊಳ್ಳುವ ಮುಂಚೆ ಬರೆದು ಸಹಿ ಹಾಕಬೇಕು. ಸ್ನೇಹ ಇರುವಾಗ ಬರೆದ ಕಾಗದವೇ ಮುಂದೆ ಸ್ನೇಹವನ್ನು ಉಳಿಸುತ್ತದೆ. ಅಷ್ಟು ಕೆಲಸವಿಲ್ಲದಿದ್ದರೆ ಒಳ್ಳೆಯ ಬ್ರೇಕಿರುವ ಬಾಡಿಗೆ ಲಾರಿಯೇ ಲೇಸು. ಜನ ಬರುವುದು ಟ್ರ್ಯಾಕ್ಟರ್ ನೋಡಲು. ಅದು ಯಾವ ಲಾರಿಯಲ್ಲಿ ಬಂತೆಂದು ಕೇಳುವವರು ಕಡಿಮೆ.

ನಮ್ಮ ಮ್ಯಾಸಿ 35 ಈಗಲೂ ಹೋಗಿಬರುತ್ತದೆ, ಬಾಡಿಗೆ ಲಾರಿಯಲ್ಲಿ. ಕೊನೆಗಾರನ ಕೈ ಕೂಡಿತು. ಮರುವರ್ಷ ಮರ ಹತ್ತಿದ. ಟ್ರ್ಯಾಕ್ಟರ್ ಹೇರುವ ದಿನ ಅವನು ಬಂದು ನಿಂತು ಸರಪಳಿಯನ್ನು ತಾನೇ ಜಗ್ಗಿ ನೋಡುತ್ತಾನೆ, ಆಮೇಲೆ ಚಾಲಕನನ್ನು ಕರೆದು ಬ್ರೇಕಿನ ವಿಷಯ ಕೇಳುತ್ತಾನೆ. ಅವನು ಸರಿ ಎನ್ನುವವರೆಗೆ ನಾವು ಹೊರಡುವುದಿಲ್ಲ.

ಈ ವಿಷಯದಲ್ಲಿ ಸದಸ್ಯ ಬಂಧುಗಳಿಗೆ ಬೇರೆ ಅನುಭವವಿದ್ದರೆ ಬರೆದು ತಿಳಿಸಬೇಕು. ನಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿದ್ದರೂ ಸಂತೋಷದಿಂದ ಪ್ರಕಟಿಸುತ್ತೇವೆ.